ಗುಳಿಗೆ, ಸಮುದ್ರ ಮತ್ತು ಒಂದು ‘ಹೌದು’

ಧಾರವಾಡದಿಂದ ವಿಜಯವಾಡದ ಬ್ಯಾಂಕಿಗೆ ವರ್ಗವಾಗಿ ಬಂದ ಮೊದಲ ವರ್ಷವೇ ಅವಳಿಗೆ ಪ್ಯಾನಿಕ್ ಅಟ್ಯಾಕ್ ಶುರುವಾಯಿತು. ಕೌಂಟರಿನಲ್ಲಿ ಕೂತಿದ್ದಾಗ ಎದೆ ಹೊಡೆದುಕೊಳ್ಳುವುದು, ಉಸಿರು ಸಾಲದೆನಿಸುವುದು, ಈಗ ಸತ್ತೇ ಹೋಗುತ್ತೇನೆ ಎಂಬ ಭಯ. ಇಸಿಜಿ ಸರಿಯಾಗಿತ್ತು. ಮನೋವೈದ್ಯರು ಎಸಿಟಲೊಪ್ರಾಮ್ ಬರೆದುಕೊಟ್ಟರು, ದಿನಕ್ಕೊಂದು, 10 ಮಿಲಿಗ್ರಾಂ. ಒಂದೆರಡು ತಿಂಗಳಲ್ಲಿ ಭಯ ಹಿಂದೆ ಸರಿಯಿತು. ಎರಡು ವರ್ಷ ಕಳೆದರೂ ಅದು ಮರಳಲಿಲ್ಲ.

ಕಾರವಾರಕ್ಕೆ ಹೋದಾಗಲೂ ಮೊಣಕಾಲಿನ ಮೇಲೆ ನೀರಿಗಿಳಿಯದಿದ್ದವಳು ವಿಜಯವಾಡದ ಈಜುಕೊಳದಲ್ಲಿ ಈಜು ಕಲಿತಳು. ಆಮೇಲೆ ಸ್ಕೂಬಾ ಕಲಿಯುವ ಆಸೆ ಹುಟ್ಟಿತು. ರತ್ನಾಚಲ ಎಕ್ಸ್‌ಪ್ರೆಸ್ ಹತ್ತಿದರೆ ಮಧ್ಯಾಹ್ನದ ಹೊತ್ತಿಗೆ ವಿಶಾಖಪಟ್ಟಣ, ಅಲ್ಲಿಂದ ಋಷಿಕೊಂಡ ಬೀಚ್. ಅಲ್ಲಿ ತರಬೇತಿಗೆ ಮೊದಲು ಒಂದು ಫಾರ್ಮ್ ಕೊಟ್ಟರು. ಆಸ್ತಮಾ ಇದೆಯೇ, ಮೂರ್ಛೆ ಬರುತ್ತದೆಯೇ, ಮಾನಸಿಕ ತೊಂದರೆಗೆ ಚಿಕಿತ್ಸೆ ಪಡೆದಿದ್ದೀರಾ, ಗುಳಿಗೆ ತಗೊಳ್ಳುತ್ತೀರಾ? ‘ಹೌದು’ ಎಂದರೆ ವೈದ್ಯರ ಸಹಿ ಬೇಕು. ಅದಿಲ್ಲದೆ ನೀರಿಗಿಳಿಯುವಂತಿಲ್ಲ.

ಪಕ್ಕದಲ್ಲಿ ಕೂತವರು ಎಲ್ಲದಕ್ಕೂ ‘ಇಲ್ಲ’ ಎಂದು ಗೀಚಿ ಕೊಟ್ಟಿದ್ದರು. ಅವಳಿಗೂ ಅದೇ ಸಲಹೆ ಸಿಕ್ಕಿತು. ಫೋನಿನಲ್ಲಿ ಅವ್ವ ಇನ್ನೊಂದು ದಾರಿ ಹೇಳಿದಳು: “ಈಗ ಆರಾಮ ಅದೀಯಲ್ಲ, ಇನ್ನ ಯಾಕ ಆ ಗುಳಿಗಿ? ಬಿಟ್ಟಬಿಡು.” ಬಿಟ್ಟರೆ ‘ಇಲ್ಲ’ ಎಂದು ಬರೆಯುವುದು ಸುಳ್ಳೂ ಆಗುವುದಿಲ್ಲ. ಅವಳು ಫಾರ್ಮನ್ನು ಖಾಲಿ ಇಟ್ಟುಕೊಂಡೇ ವಿಜಯವಾಡಕ್ಕೆ ಮರಳಿ ಮನೋವೈದ್ಯರ ಮುಂದೆ ಕೂತಳು.

ಗುಳಿಗೆ ಬಿಡುವ ಮಾತನ್ನು ಅವರು ಒಪ್ಪಲಿಲ್ಲ. ಇಂಥ ಗುಳಿಗೆಯನ್ನು ಥಟ್ಟನೆ ನಿಲ್ಲಿಸಿದರೆ ತಲೆ ಸುತ್ತಬಹುದು, ನಿದ್ದೆಗೆಡಬಹುದು, ತಲೆಯೊಳಗೆ ಕರೆಂಟು ಹೊಡೆದಂತಾಗಬಹುದು, ಬಿಟ್ಟುಹೋಗಿದ್ದ ಭಯವೂ ಹಿಂದಿರುಗಬಹುದು. ಆದರೆ ಸಹಿಯನ್ನೂ ಹಾಕಲಿಲ್ಲ. “ಗುಳಿಗೆ ನನಗೆ ಗೊತ್ತಮ್ಮಾ, ಸಮುದ್ರ ಗೊತ್ತಿಲ್ಲ” ಎಂದರು. ಋಷಿಕೊಂಡದ ತರಬೇತುದಾರನಿಗೆ ಸಮುದ್ರ ಗೊತ್ತಿತ್ತು, ಗುಳಿಗೆ ಗೊತ್ತಿರಲಿಲ್ಲ.

ಎರಡನ್ನೂ ಬಲ್ಲವರು ನಮ್ಮಲ್ಲಿ ಕಡಿಮೆ. ವಿಶಾಖಪಟ್ಟಣ ಪೂರ್ವ ನೌಕಾ ಕಮಾಂಡಿನ ಕೇಂದ್ರ. ಐಎನ್‌ಎಸ್ ಕುರ್ಸುರಾ ಎಂಬ ಜಲಾಂತರ್ಗಾಮಿಯನ್ನೇ ರಾಮಕೃಷ್ಣಾ ಬೀಚಿನಲ್ಲಿ ನಿಲ್ಲಿಸಿ 2002ರಿಂದ ಮ್ಯೂಸಿಯಂ ಮಾಡಿರುವ ಊರು. ನೀರಿನ ಒತ್ತಡ ಮೈಗೆ ಏನು ಮಾಡುತ್ತದೆಂದು ಓದಿದ ವೈದ್ಯರು ಹೆಚ್ಚಾಗಿ ಸಿಗುವುದು ನೌಕಾಪಡೆಯಲ್ಲೇ. ಹಾಗೆ ಅಲ್ಲಿಂದ ನಿವೃತ್ತರಾದ ಒಬ್ಬರನ್ನು ಹುಡುಕಲು ಅವಳಿಗೆ ಎರಡು ತಿಂಗಳು ಹಿಡಿಯಿತು. ಅಷ್ಟರಲ್ಲಿ ಅವಳ ಬ್ಯಾಚು ಮುಗಿದಿತ್ತು.

ಆ ವೈದ್ಯರು ಗುಳಿಗೆಗಳನ್ನೆಲ್ಲ ಒಂದೇ ತಕ್ಕಡಿಯಲ್ಲಿ ತೂಗಲಿಲ್ಲ. ಬ್ಯುಪ್ರೋಪಿಯಾನ್ ಫಿಟ್ಸ್ ಬರುವ ಸಾಧ್ಯತೆಯನ್ನು ಹೆಚ್ಚಿಸುತ್ತದೆ. ನೀರಿನಡಿ ಫಿಟ್ಸ್ ಬಂದರೆ ಬಾಯಲ್ಲಿನ ಉಸಿರಿನ ಕೊಳವೆ ಜಾರುತ್ತದೆ. ಅಲ್ಪ್ರಜೋಲಾಮ್, ಕ್ಲೋನಜೆಪಾಮ್ ಮಂಪರು ತರುತ್ತವೆ. 30 ಮೀಟರ್ ಆಸುಪಾಸಿನ ಆಳದಲ್ಲಿ ನೈಟ್ರೋಜನ್ ತಾನೇ ಕುಡಿದ ಹಾಗೆ ಮಾಡುತ್ತದೆ. ಅದರ ಮೇಲೆ ಇದೊಂದು ಅಮಲು. ಲಿಥಿಯಂ ತಗೊಳ್ಳುವವರಿಗೆ ಬಿಸಿಲಲ್ಲಿ ಬೆವರಿ ನೀರು, ಉಪ್ಪು ಕಡಿಮೆಯಾದರೆ ರಕ್ತದಲ್ಲಿ ಔಷಧದ ಮಟ್ಟ ಏರಿ ವಿಷವಾಗಬಹುದು. ವಿಜಯವಾಡದ ಮೇ ತಿಂಗಳಲ್ಲಿ ಅದಕ್ಕೆ ಸಮುದ್ರವೂ ಬೇಕಿಲ್ಲ.

ಅವಳ ಗುಳಿಗೆಯ ವಿಷಯದಲ್ಲಿ ಅವರ ಚಿಂತೆ ಬೇರೆಯಿತ್ತು. 10 ಮೀಟರ್ ಆಳದಲ್ಲಿ ಒತ್ತಡ ಎರಡು ಪಟ್ಟು. ಅಲ್ಲಿ ಗಾಬರಿಬಿದ್ದು ಉಸಿರು ಬಿಗಿಹಿಡಿದು ಮೇಲಕ್ಕೆ ನುಗ್ಗಿದರೆ ಶ್ವಾಸಕೋಶದಲ್ಲಿರುವ ಗಾಳಿ ಎರಡರಷ್ಟು ಹಿಗ್ಗಲು ನೋಡುತ್ತದೆ, ಶ್ವಾಸಕೋಶ ಹರಿಯಬಹುದು. ಅವಳ ಮಟ್ಟಿಗೆ ದೊಡ್ಡ ಅಪಾಯ ಪ್ಯಾನಿಕ್. ಅದನ್ನು ತಡೆದಿದ್ದು ಗುಳಿಗೆ. ಫಾರ್ಮಿಗೋಸ್ಕರ ಅದನ್ನು ಬಿಟ್ಟಿದ್ದರೆ ಕಾಗದ ಸ್ವಚ್ಛವಾಗುತ್ತಿತ್ತು, ಅಪಾಯ ಅವಳ ಜೊತೆ ನೀರಿಗಿಳಿಯುತ್ತಿತ್ತು. ಎರಡು ವರ್ಷ ಒಂದೇ ಡೋಸಿನಲ್ಲಿ ಅಟ್ಯಾಕ್ ಇಲ್ಲದೆ ಇದ್ದಳೆಂಬುದನ್ನು ಮನೋವೈದ್ಯರಿಂದ ಬರೆಸಿಕೊಂಡು ಅವರು ಸಹಿ ಹಾಕಿದರು. ಷರತ್ತು ಮೂರು: 18 ಮೀಟರ್ ದಾಟಬಾರದು, ಡೋಸ್ ಬದಲಾದರೆ ಮತ್ತೆ ತೋರಿಸಿಕೊಳ್ಳುವ ತನಕ ಡೈವ್ ಇಲ್ಲ, ಜೊತೆಗಿಳಿಯುವವರಿಗೆ ವಿಷಯ ಗೊತ್ತಿರಬೇಕು.

ಮೂರನೆಯದೇ ಕಷ್ಟವಾಯಿತು. ನಮ್ಮ ಕಡೆ ಯಾರಾದರೂ ಹುಚ್ಚುಚ್ಚಾಗಿ ಮಾತಾಡಿದರೆ “ಧಾರವಾಡಕ್ಕೆ ಕಳಿಸಬೇಕು” ಅನ್ನುತ್ತಾರೆ, ತೆಲುಗರು “ಎರ್ರಗಡ್ಡ” ಅನ್ನುತ್ತಾರೆ. ಊರಿನ ಹೆಸರೇ ಬೈಗುಳವಾಗಿರುವಾಗ ಧಾರವಾಡದವಳು ಬಾಯಿಬಿಟ್ಟು ಹೇಳುವುದು ಹೇಗೆ? 2017ರ ಮಾನಸಿಕ ಆರೋಗ್ಯ ಕಾಯ್ದೆಯ ಪ್ರಕಾರ ಚಿಕಿತ್ಸೆಯ ವಿವರ ಗುಟ್ಟಾಗಿರಬೇಕೆಂಬುದು ಅವಳ ಹಕ್ಕು. ಬ್ಯಾಂಕಿನಲ್ಲಿ ಅವಳು ಆ ಹಕ್ಕನ್ನು ಬಿಟ್ಟುಕೊಟ್ಟಿಲ್ಲ, ಅಲ್ಲಿ ಇಂದಿಗೂ ಯಾರಿಗೂ ಗೊತ್ತಿಲ್ಲ. ಆದರೆ ನೀರಿನಡಿ ಅವಳ ಜೀವ ಇನ್ನೊಬ್ಬರ ಕೈಲಿರುತ್ತದೆ, ಅವರ ಜೀವ ಅವಳ ಕೈಲಿ. ದೋಣಿಯಲ್ಲಿ ಕೂತು ಜೊತೆಗಾರನಿಗೆ ಎರಡೇ ವಾಕ್ಯದಲ್ಲಿ ಹೇಳಿದಳು. ಐವತ್ತು ದಾಟಿದ ಆತ ಸ್ವಲ್ಪ ಹೊತ್ತು ಸುಮ್ಮನಿದ್ದು, ತಾನು ಬಿಪಿ ಗುಳಿಗೆ ನುಂಗುವುದನ್ನು ಫಾರ್ಮಿನಲ್ಲಿ ಬರೆದಿಲ್ಲ ಎಂದ. ಆ ದಿನ ಅವನು ನೀರಿಗಿಳಿಯಲಿಲ್ಲ. ಮುಂದಿನ ತಿಂಗಳು ಸಹಿ ಹಾಕಿಸಿಕೊಂಡು ಬಂದ.

ಋಷಿಕೊಂಡದ ನೀರು ಅಂಡಮಾನಿನಷ್ಟು ತಿಳಿಯಾಗಿಲ್ಲ. ಜೊತೆಗಾರ ಕೈಯಳತೆಯಲ್ಲೇ ಇರಬೇಕು. ಡೈವಿಂಗಿನಲ್ಲಿ ಹೆಬ್ಬೆರಳು ಎತ್ತಿದರೆ ‘ಮೇಲೆ ಹೋಗೋಣ’ ಎಂದರ್ಥ. ಯಾರು ಬೇಕಾದರೂ, ಯಾವಾಗ ಬೇಕಾದರೂ ಎತ್ತಬಹುದು. ಎತ್ತಿದ ಮೇಲೆ ಇಬ್ಬರೂ ನಿಧಾನವಾಗಿ ಮೇಲೇರಬೇಕು, ಯಾಕೆ ಅಂತ ಕೇಳುವಂತಿಲ್ಲ.