ಊರಿನ ಹೆಸರು ಹರಾಜಿಗೆ ಬಂದಾಗ

ಅಂಚೆಚೀಟಿ, ಹಳೆಯ ನಾಣ್ಯಗಳನ್ನು ಸಂಗ್ರಹಿಸುವವರನ್ನು ನಾವೆಲ್ಲ ನೋಡಿದ್ದೇವೆ. ಆದರೆ ರೈಲು ನಿಲ್ದಾಣದ ನಾಮಫಲಕಗಳನ್ನು ಸಂಗ್ರಹಿಸುವವರೂ ಇದ್ದಾರೆ ಎಂದರೆ ಯಾರಿಗಾದರೂ ನಗು ಬಂದೀತು. ಕೆಲಸದ ನಿಮಿತ್ತ ಇಂಗ್ಲೆಂಡಿನ ಯಾರ್ಕ್ ನಗರದಲ್ಲಿ ಕೆಲವು ವರ್ಷ ಇದ್ದ ನನಗೂ ಮೊದಮೊದಲು ನಗುವೇ ಬಂದಿತ್ತು. ನಿಧಾನವಾಗಿ ಆ ಗೀಳು ನನಗೂ ಅಂಟಿಕೊಂಡಿತು.

ಬ್ರಿಟನ್ನಿನ ದೊಡ್ಡ ರೈಲು ಕಂಪೆನಿಗಳು 1948ರ ಜನವರಿ 1ರಂದು ರಾಷ್ಟ್ರೀಕರಣಗೊಂಡು ಬ್ರಿಟಿಷ್ ರೈಲ್ವೇಸ್ ಎಂಬ ಒಂದೇ ಹೆಸರಿನಡಿ ಬಂದವು. ಅದರ ಆರು ವಲಯಗಳಿಗೆ ಆರು ಬಣ್ಣ. ದಕ್ಷಿಣಕ್ಕೆ ಹಸಿರು, ಪಶ್ಚಿಮಕ್ಕೆ ಕಂದು, ಪೂರ್ವಕ್ಕೆ ಕಡು ನೀಲಿ, ಈಶಾನ್ಯಕ್ಕೆ ಕಿತ್ತಳೆ, ಸ್ಕಾಟ್ಲೆಂಡಿಗೆ ತಿಳಿ ನೀಲಿ, ಲಂಡನ್ ಮಿಡ್ಲೆಂಡ್ ವಲಯಕ್ಕೆ ಕಡುಗೆಂಪು. ಪ್ಲಾಟ್‌ಫಾರಂನ ದೀಪದ ಕಂಬಗಳಲ್ಲಿ ಆಯಾ ಬಣ್ಣದ, ಸುಮಾರು ಮೂರಡಿ ಉದ್ದದ ಫಲಕಗಳಿರುತ್ತಿದ್ದವು. ನಡುವೆ ಬಿಳಿ ಅಕ್ಷರಗಳಲ್ಲಿ ಊರಿನ ಹೆಸರು. ಇವುಗಳನ್ನು ‘ಟೋಟೆಮ್’ ಎಂದು ಕರೆಯುತ್ತಾರೆ.

ಇವು ಬಣ್ಣ ಬಳಿದ ಬೋರ್ಡುಗಳಲ್ಲ, ಎನಾಮಲ್. ಲೋಹದ ತಗಡಿನ ಮೇಲೆ ಗಾಜಿನ ಪುಡಿಯನ್ನು ಹಚ್ಚಿ ಸುಮಾರು 800 ಡಿಗ್ರಿ ಸೆಲ್ಸಿಯಸ್ ಶಾಖದ ಕುಲುಮೆಯಲ್ಲಿ ಸುಡುತ್ತಾರೆ. ಬೇರೆ ಬಣ್ಣ ಬೇಕಾದರೆ ಮತ್ತೊಮ್ಮೆ ಸುಡಬೇಕು. ಹಿಂದೆ ನಮ್ಮ ಮನೆಗಳಲ್ಲಿದ್ದ ನೀಲಿ ಅಂಚಿನ ಬಿಳಿ ಎನಾಮಲ್ ತಟ್ಟೆಗಳು ನಿಮಗೆ ನೆನಪಿರಬಹುದು. ಅದೇ ಗುಣ ಇವುಗಳದ್ದು. ಬಿಸಿಲು, ಮಳೆಗೆ ಬಣ್ಣ ಸುಲಭವಾಗಿ ಮಾಸುವುದಿಲ್ಲ. ಆದರೆ ಏಟು ಬಿದ್ದು ಚಕ್ಕೆ ಎದ್ದರೆ ಅಲ್ಲಿಂದಲೇ ತುಕ್ಕು ಹಿಡಿಯುತ್ತದೆ. ಹಾಗಾಗಿ ಸಂಗ್ರಾಹಕನ ಕಣ್ಣು ಮೊದಲು ಹೋಗುವುದು ಮೊಳೆ ಹೊಡೆದ ತೂತುಗಳ ಸುತ್ತಲಿನ ಜಾಗಕ್ಕೆ.

ಇಷ್ಟು ಗಟ್ಟಿಯಾದ ಫಲಕಗಳು ಕಂಬದಿಂದ ಇಳಿದದ್ದೇಕೆ? 1963ರ ಮಾರ್ಚ್‌ನಲ್ಲಿ ರಿಚರ್ಡ್ ಬೀಚಿಂಗ್ ಅವರ ವರದಿ ಪ್ರಕಟವಾಯಿತು. ನಷ್ಟ ತಗ್ಗಿಸಲು 2,363 ನಿಲ್ದಾಣಗಳನ್ನು ಮುಚ್ಚಬೇಕೆಂದು ಅದು ಹೇಳಿತು. ಎಲ್ಲವೂ ಮುಚ್ಚಲಿಲ್ಲವಾದರೂ ನೂರಾರು ಹಳ್ಳಿಗಳು ರೈಲನ್ನು ಕಳೆದುಕೊಂಡವು. 1965ರಲ್ಲಿ ರೈಲ್ವೆ ಹೊಸ ವಿನ್ಯಾಸವನ್ನು ಜಾರಿಗೆ ತಂದಿತು. ಬಿಳಿಯ ಮೇಲೆ ಕಪ್ಪು ಅಕ್ಷರಗಳು ಬಂದವು. ತೆರೆದಿದ್ದ ನಿಲ್ದಾಣಗಳಿಂದಲೂ ಟೋಟೆಮ್‌ಗಳು ಕ್ರಮೇಣ ಕೆಳಗಿಳಿದವು. ಕೆಲವು ಗುಜರಿಗೆ ಹೋದವು, ಕೆಲವನ್ನು ಆಸಕ್ತರು ಕೊಂಡರು.

ಇಂದು ಅಪರೂಪದ ಒಂದು ಫಲಕಕ್ಕೆ ಸಾವಿರಾರು ಪೌಂಡ್ ಬೆಲೆಯಿದೆ. ಒಮ್ಮೆ ಹರಾಜಿಗೆ ಹೋಗಿದ್ದಾಗ ನನ್ನ ಪಕ್ಕದಲ್ಲಿ ವೃದ್ಧರೊಬ್ಬರು ಕುಳಿತಿದ್ದರು. ಅವರಿಗೆ ಬೇಕಾದದ್ದು ಒಂದೇ ಫಲಕ, ಅವರ ಹುಟ್ಟೂರಿನದು. ಆ ನಿಲ್ದಾಣದಿಂದಲೇ ಅವರು ಶಾಲೆಗೆ ಹೋಗುತ್ತಿದ್ದರಂತೆ. ಐದಾರು ಸಲ ಕೈ ಎತ್ತಿದರು. ಬೆಲೆ ಏರುತ್ತಲೇ ಹೋಯಿತು. ಕೊನೆಗೆ ಕೈಯನ್ನು ಮಡಿಲಲ್ಲಿಟ್ಟುಕೊಂಡು ಸುಮ್ಮನಾದರು. ಫಲಕವನ್ನು ಕೊಂಡವನು ವ್ಯಾಪಾರಿ. ಆ ಊರನ್ನು ಅವನು ಕಂಡಿದ್ದಾನೋ ಇಲ್ಲವೋ.

ಅಂದಿನಿಂದ ಒಂದು ಪ್ರಶ್ನೆ ನನ್ನನ್ನು ಕಾಡತೊಡಗಿತು. ಊರಿನ ಹೆಸರು ಯಾರ ಆಸ್ತಿ? ವ್ಯಾಪಾರಿಯನ್ನು ದೂರುವುದು ಸುಲಭ. ಆದರೆ ಅಂದು ಯಾರೂ ದುಡ್ಡು ಕೊಟ್ಟು ಕೊಳ್ಳದಿದ್ದರೆ ಇವೆಲ್ಲ ಕರಗಿಹೋಗುತ್ತಿದ್ದವು ಎಂಬುದೂ ಸತ್ಯ. ಅಭಿಮಾನಕ್ಕೂ ಲಾಭಕ್ಕೂ ನಡುವಿನ ಗೆರೆ ತೀರಾ ತೆಳು.

ಇದಕ್ಕೊಂದು ಉತ್ತರ ಯಾರ್ಕ್‌ಶೈರ್‌ನಲ್ಲೇ ಕಾಣಸಿಕ್ಕಿತು. 1965ರಲ್ಲಿ ಮುಚ್ಚಿದ ಗ್ರೋಸ್‌ಮಂಟ್-ಪಿಕರಿಂಗ್ ಮಾರ್ಗವನ್ನು ಆಸಕ್ತರು ಶ್ರಮಪಟ್ಟು 1973ರಲ್ಲಿ ಮತ್ತೆ ತೆರೆದರು. ಇಂದಿಗೂ ಅಲ್ಲಿ ಸ್ವಯಂಸೇವಕರು ದುಡಿಯುತ್ತಾರೆ. ಹಳೆಯ ಶೈಲಿಯ ಫಲಕಗಳು ಅಲ್ಲಿ ಗೋಡೆಯ ಅಲಂಕಾರವಲ್ಲ. ರೈಲು ಬಂದು ನಿಲ್ಲುತ್ತದೆ, ಜನ ಹೆಸರನ್ನು ಓದಿ ಇಳಿಯುತ್ತಾರೆ.

ನನ್ನ ಬಳಿ ಇದ್ದದ್ದು ಒಂದೇ ಟೋಟೆಮ್. ಭಾರತಕ್ಕೆ ಮರಳುವ ಮೊದಲು ಅದನ್ನು ಆ ಹಳ್ಳಿಯ ಸ್ಥಳೀಯ ಇತಿಹಾಸದ ಬಳಗಕ್ಕೆ ಕೊಟ್ಟುಬಂದೆ. ಮಾರಿದ್ದರೆ ಇಡೀ ಕುಟುಂಬದ ವಿಮಾನದ ಟಿಕೆಟ್‌ಗೆ ಸಾಕಾಗುತ್ತಿತ್ತು ಎಂದು ಗೆಳೆಯರು ಹೇಳಿದರು. ಅದು ನಿಜವೇ. ಆದರೆ ಮಂಗಳೂರಿನ ನನ್ನ ಮನೆಯ ಗೋಡೆಯಲ್ಲಿ ಆ ಹೆಸರನ್ನು ಓದಿ ಕಣ್ಣರಳಿಸುವವರು ಯಾರಿದ್ದರು?

ನಮ್ಮಲ್ಲಿ ಊರಿನ ಹೆಸರಿನ ಕಾಗುಣಿತ ಬದಲಾದರೆ ಹಳದಿ ಬೋರ್ಡಿಗೆ ಹೊಸ ಬಣ್ಣ ಬಳಿದು ಮತ್ತೆ ಬರೆಯುತ್ತಾರೆ. ಸಂಗ್ರಹಿಸಲು ಏನೂ ಉಳಿಯುವುದಿಲ್ಲ. ಆದರೆ ಹಾಸನ-ಮಂಗಳೂರು ಮೀಟರ್ ಗೇಜ್ ರೈಲು 1996ರಲ್ಲಿ ನಿಲ್ಲುವವರೆಗೂ ಅದರಲ್ಲಿ ಓಡಾಡಿದ ಹಿರಿಯರು ನಮ್ಮ ಮನೆಗಳಲ್ಲೇ ಇದ್ದಾರೆ. ಆ ಘಾಟಿಯ ನಿಲ್ದಾಣಗಳ ಹೆಸರುಗಳನ್ನು ಒಂದೊಂದಾಗಿ ಅವರ ಬಾಯಿಂದ ಕೇಳಿ ಬರೆದಿಟ್ಟುಕೊಳ್ಳಲು ಹರಾಜಿಗೆ ಹೋಗಬೇಕಿಲ್ಲ. ಸ್ವಲ್ಪ ಹೊತ್ತು ಅವರ ಬಳಿ ಕುಳಿತರೆ ಸಾಕು.