ಅತ್ತೆಯನ್ನು ಮುಂದಿನ ಸೀಟಿನಲ್ಲಿ ಕೂರಿಸಿಕೊಂಡು ಆಲ್ಪ್ಸ್ ದಾಟಿದೆವು

"ಅಮ್ಮಾ, ಬರೋದಾದ್ರೆ ಜೂನ್ ಕೊನೇಲಿ ಬನ್ನಿ. ಅದಕ್ಕೂ ಮುಂಚೆ ಬಂದ್ರೆ ಘಾಟಿ ರಸ್ತೆ ತೆಗೆದಿರೋದೇ ಅನುಮಾನ" ಎಂದಳು ಮಗಳು ಫೋನಿನಲ್ಲಿ. ಅವಳು ಕೆಲಸದಲ್ಲಿರುವುದು ಫ್ರಾನ್ಸಿನ ದಕ್ಷಿಣದಲ್ಲಿ, ಮೆಡಿಟರೇನಿಯನ್ ಸಮುದ್ರದ ದಂಡೆಯ ನೀಸ್ ಪಟ್ಟಣದ ಹತ್ತಿರ. ಅಲ್ಲಿಂದ ತನ್ನ ಕಾರಿನಲ್ಲೇ ನಮ್ಮನ್ನು ಕೂರಿಸಿಕೊಂಡು, ಆಲ್ಪ್ಸ್ ಪರ್ವತ ಹತ್ತಿ ಇಳಿದು, ಇಟಲಿಯನ್ನು ಹಾದು, ಸ್ವಿಟ್ಜರ್ಲೆಂಡಿನ ಜಿನೀವಾ ಸರೋವರದ ದಡದ ಮಾಂಟ್ರೋ ಊರಿಗೆ ಕರೆದೊಯ್ಯಬೇಕೆಂದು ಅವಳ ಆಸೆ.

"ಎಷ್ಟು ದೂರವಂತೆ?" ಎಂದರು ನಮ್ಮವರು.

"ಐನೂರೈವತ್ತು, ಆರುನೂರು ಕಿಲೋಮೀಟರು ಅಪ್ಪ."

"ಅಷ್ಟೇನಾ! ಬೆಂಗಳೂರಿಂದ ಬೆಳಗಾವಿಗೆ ಹೋಗಿ ಸ್ವಲ್ಪ ಮುಂದೆ ಹೋದ ಹಾಗೆ. ಎರಡು ದಿನ ಸಾಕು."

ತೊಡಕೆಲ್ಲ ಇದ್ದದ್ದು ಅತ್ತೆಯವರದು. ವಯಸ್ಸು 76. ರಕ್ತದೊತ್ತಡ, ಎಡಮಂಡಿ ನೋವು, ಸಾಲದ್ದಕ್ಕೆ ಚಾರ್ಮಾಡಿ ಘಾಟಿಯಲ್ಲಿ ಒಂದು ಸಲವೂ ವಾಂತಿ ತಪ್ಪಿದ್ದಿಲ್ಲ. "ಅಜ್ಜಿ ನೀಸ್‌ನಲ್ಲೇ ಇರಲಿ, ನನ್ನ ಸ್ನೇಹಿತೆ ನೋಡ್ಕೋತಾಳೆ" ಎಂದು ಮಗಳು ಅಂದದ್ದು ಅವರ ಕಿವಿಗೂ ಬಿತ್ತು. "ಹೌದಮ್ಮ, ನೀವು ಹೋಗಿ ಬನ್ನಿ, ನಾನ್ಯಾಕೆ ಅಡ್ಡ" ಎಂದರು. ಆ ಸಂಜೆ ಕಾಫಿ ಬೇಡವೆಂದರು. ಅತ್ತೆ ಕಾಫಿ ಬೇಡವೆಂದರೆ ಏನರ್ಥ ಎಂದು ಮೂವತ್ತು ವರ್ಷ ಜೊತೆಗಿದ್ದ ನನಗೆ ಗೊತ್ತು. ನಾನು ಆಫೀಸಿಗೆ ಹೋಗುತ್ತಿದ್ದಾಗ ಈ ಮಗಳಿಗೆ ತುತ್ತು ಕಲಸಿ ತಿನ್ನಿಸಿ ಬೆಳೆಸಿದ್ದು ಅವರೇ. ಹಿಮವನ್ನು ಒಮ್ಮೆ ಕೈಯಲ್ಲಿ ಮುಟ್ಟಬೇಕೆಂಬುದು ಬಿಟ್ಟರೆ ಬೇರೇನನ್ನೂ ಅವರು ಕೇಳಿದವರಲ್ಲ.

"ಪ್ರಯಾಣದ ಯೋಜನೆ ನಾನು ಹಾಕ್ತೀನಿ" ಎಂದು ನಕ್ಷೆ ಹರಡಿಕೊಂಡು ಕೂತೆ.

ಮೊದಲು ಕಲಿತ ಪಾಠ: ಬೆಟ್ಟದ ದಾರಿಯನ್ನು ಕಿಲೋಮೀಟರಿನಲ್ಲಿ ಅಳೆಯಬಾರದು, ಗಂಟೆಯಲ್ಲಿ ಅಳೆಯಬೇಕು. ನೀಸ್‌ನಿಂದ ಬಾರ್ಸಲೊನೆಟ್ ಎಂಬ ಊರಿಗೆ ಸುಮಾರು 150 ಕಿ.ಮೀ. ಆದರೆ ನಡುವೆ ಬೊನೆಟ್ ಘಾಟಿ ಇದೆ. ಅದರ ನೆತ್ತಿಯನ್ನು ಸುತ್ತುವ ರಸ್ತೆ 2,802 ಮೀಟರ್ ಎತ್ತರ. ನಮ್ಮ ಮುಳ್ಳಯ್ಯನಗಿರಿಯೇ 1,930 ಮೀಟರ್! ನಿಲ್ಲದೆ ಹೋದರೂ ಮೂರೂವರೆ ಗಂಟೆ ಬೇಕು. ಅತ್ತೆಯ ಮಂಡಿಗೆ ಗಂಟೆಗೊಮ್ಮೆ ಕಾಲು ಚಾಚಬೇಕು. ಅಲ್ಲಿಗೆ ಒಂದು ಇಡೀ ದಿನ ಅದಕ್ಕೇ ಮೀಸಲು.

ಎರಡನೆಯ ಪಾಠ ನಮ್ಮ ಡಾಕ್ಟರರದು. "ಕರ್ಕೊಂಡು ಹೋಗಿ, ತೊಂದ್ರೆ ಇಲ್ಲ. ಎತ್ತರದಲ್ಲಿ ಸ್ವಲ್ಪ ಹೊತ್ತು ನಿಂತು ನೋಡಿ, ರಾತ್ರಿ ಕೆಳಗಿಳಿದು ಮಲಗಿ" ಎಂದರು. ಅದರಂತೆ ಮೊದಲ ರಾತ್ರಿ 1,135 ಮೀಟರಿನ ಬಾರ್ಸಲೊನೆಟ್. ಎರಡನೆಯದು 1,326 ಮೀಟರಿನ ಬ್ರಿಯಾನ್ಸೋ ಕೋಟೆಯೂರು. ಮೂರನೆಯ ದಿನ ಮೋಂಜೆನೆವ್ರ್ ಘಾಟಿಯಲ್ಲಿ ಗಡಿ ದಾಟಿ ಇಟಲಿಯ ಆವೋಸ್ತಾ ಪಟ್ಟಣ. ನಾಲ್ಕನೆಯ ದಿನದ ಮುಂದೆ ಏನೂ ಬರೆಯದೆ ಖಾಲಿ ಬಿಟ್ಟೆ. "ಇದೇನು, ಬರೆಯೋದು ಮರೆತ್ಯಾ?" ಎಂದು ನಮ್ಮವರು ಕೇಳಿದರು. "ಅದು ಅತ್ತೆಯ ಮಂಡಿಗೆ" ಎಂದೆ. ಐದನೆಯ ದಿನ ಗ್ರೇಟ್ ಸೇಂಟ್ ಬರ್ನಾರ್ಡ್ ಘಾಟಿ ದಾಟಿ ಮಾಂಟ್ರೋ.

ಇನ್ನು ಕಾಗದಪತ್ರ. ಮೂರು ದೇಶಕ್ಕೂ ಒಂದೇ ಷೆಂಗೆನ್ ವೀಸಾ ಸಾಕು. ಹೆಚ್ಚು ದಿನ ಉಳಿಯುವ ದೇಶಕ್ಕೆ ಅರ್ಜಿ ಹಾಕಬೇಕು. ಕನಿಷ್ಠ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕಡ್ಡಾಯ. ಬಾಡಿಗೆ ಕಾರು ತೆಗೆದುಕೊಳ್ಳುವವರು ಗಡಿ ದಾಟಲು ಒಪ್ಪಿಗೆ ಇದೆಯೇ ಎಂದು ಮೊದಲೇ ಕೇಳಿ. ಇಲ್ಲಿಂದ ಹೋಗಿ ಓಡಿಸುವವರು ಆರ್.ಟಿ.ಓ. ಕಚೇರಿಯಲ್ಲಿ ಅಂತರರಾಷ್ಟ್ರೀಯ ಪರವಾನಗಿ ಮಾಡಿಸಿಕೊಳ್ಳಿ. ಸ್ವಿಟ್ಜರ್ಲೆಂಡಿನ ಹೆದ್ದಾರಿಗೆ 40 ಫ್ರಾಂಕಿನ ವಾರ್ಷಿಕ ಚೀಟಿ ಬೇಕು. ತುರ್ತಿಗೆ ಮೂರು ದೇಶದಲ್ಲೂ 112. ಅತ್ತೆಯ ಮಾತ್ರೆಗಳು, ಡಾಕ್ಟರರ ಚೀಟಿ ನನ್ನ ಕೈಚೀಲದಲ್ಲೇ ಇದ್ದವು.

ಸೋದರಿಯರೇ, ಬುತ್ತಿಯ ವಿಷಯ ಕೇಳಿ. ಭಾರತದಿಂದ ತುಪ್ಪ, ಹಾಲಿನ ಪೇಡ ಒಯ್ಯುವಂತಿಲ್ಲ. ಹಸಿ ಕರಿಬೇವೂ ಬೇಡ. ನಾನು ಒಯ್ದದ್ದು ಚಟ್ನಿಪುಡಿ, ಪುಳಿಯೋಗರೆ ಗೊಜ್ಜು, ಗಟ್ಟಿ ಅವಲಕ್ಕಿ, ಒಣಶುಂಠಿ. ಮೊಸರು ಅಲ್ಲಿ ಎಲ್ಲ ಅಂಗಡಿಯಲ್ಲೂ ಸಿಗುತ್ತದೆ. ಅಲ್ಲಿನ ಸಣ್ಣ ಊರುಗಳಲ್ಲಿ ಮಧ್ಯಾಹ್ನದ ಊಟ 12ರಿಂದ 2ರವರೆಗೆ. ಎರಡೂವರೆಗೆ ಹೋದರೆ ಉಪವಾಸವೇ ಗತಿ. ಘಾಟಿ ಹತ್ತುವ ಮುನ್ನ ಹೊಟ್ಟೆ ಖಾಲಿಯೂ ಇರಬಾರದು, ಬಿರಿಯುವಂತೆಯೂ ಇರಬಾರದು. ವಾಂತಿಯ ಭಯವಿರುವವರು ಮುಂದೆ ಕೂರಬೇಕು. ಹೀಗಾಗಿ ಅತ್ತೆಗೆ ಮುಂದಿನ ಸೀಟು. ನಮ್ಮವರು ಹಿಂದೆ ನನ್ನ ಪಕ್ಕದಲ್ಲಿ, ಅವಲಕ್ಕಿ ಡಬ್ಬ ತೊಡೆಯ ಮೇಲಿಟ್ಟುಕೊಂಡು!

ಬೆಳಿಗ್ಗೆ ಸಮುದ್ರದ ಬಿಸಿಲಿನಲ್ಲಿ ಹೊರಟವರು ಮಧ್ಯಾಹ್ನ ಬೊನೆಟ್ ಮೇಲೆ ಸ್ವೆಟರಿಗೆ ತಡಕಾಡಿದೆವು. ರಸ್ತೆಯ ಪಕ್ಕದಲ್ಲೇ ಹಳೆಯ ಹಿಮದ ರಾಶಿ. ಅತ್ತೆ ಮೊಮ್ಮಗಳ ತೋಳು ಹಿಡಿದು ಇಳಿದು, ಎರಡು ಹೆಜ್ಜೆ ನಡೆದು, ಒಂದು ಹಿಡಿ ಎತ್ತಿಕೊಂಡರು. "ಅಯ್ಯೋ, ಮರಳಿನ ಹಾಗಿದೆಯಲ್ಲೇ!" ಎಂದು ಮಗುವಿನಂತೆ ನಕ್ಕರು. ಅಷ್ಟರಲ್ಲೇ ಉಸಿರು ಸ್ವಲ್ಪ ಕಟ್ಟಿದಂತಾಯಿತು. ನನ್ನ ಎದೆ ಧಸಕ್ಕೆಂದಿತು. ಇವರನ್ನು ಹಟ ಹಿಡಿದು ಕರೆತಂದವಳು ನಾನಲ್ಲವೇ? ತಕ್ಷಣ ಕಾರಿನಲ್ಲಿ ಕೂರಿಸಿ, ಎರಡನೆಯ ಗೇರಿನಲ್ಲಿ ನಿಧಾನವಾಗಿ ಇಳಿದೆವು. ಬಾರ್ಸಲೊನೆಟ್ ಸೇರುವ ಹೊತ್ತಿಗೆ "ಕಾಫಿ ಸಿಗತ್ತೇನೇ ಇಲ್ಲಿ?" ಎಂದರು. ನನಗೆ ಹೋದ ಜೀವ ಬಂತು.

ಆ ಊರಿನ ಜನ ಹತ್ತೊಂಬತ್ತನೆಯ ಶತಮಾನದಲ್ಲಿ ಮೆಕ್ಸಿಕೋಗೆ ಹೋಗಿ ಬಟ್ಟೆ ವ್ಯಾಪಾರದಲ್ಲಿ ಹಣ ಮಾಡಿದರಂತೆ. ಮರಳಿ ಬಂದವರು ಕಟ್ಟಿಸಿದ ಬಂಗಲೆಗಳು ಇಂದಿಗೂ ಇವೆ. "ಎಲ್ಲೇ ಹೋದ್ರೂ ಮನೆ ಕಟ್ಟೋಕೆ ಊರಿಗೇ ಬಂದ್ರಲ್ಲ" ಎಂದು ಅತ್ತೆ ಮೊಮ್ಮಗಳ ಮುಖ ನೋಡಿದರು. ಅವಳು ಮಾತಾಡಲಿಲ್ಲ.

ಖಾಲಿ ಬಿಟ್ಟ ನಾಲ್ಕನೆಯ ದಿನ ಆವೋಸ್ತಾದಲ್ಲಿ ಅತ್ತೆ ಹಗಲೆಲ್ಲ ನಿದ್ದೆ ಮಾಡಿದರು. ಐದನೆಯ ದಿನ ಬೆಳಿಗ್ಗೆ ನೋಡಿದರೆ ಮೇಲೆಲ್ಲ ಮಂಜು, ಮಳೆ. 2,469 ಮೀಟರಿನ ಆ ಸೇಂಟ್ ಬರ್ನಾರ್ಡ್ ಘಾಟಿಯನ್ನು 1800ರಲ್ಲಿ ನೆಪೋಲಿಯನ್ ಸೈನ್ಯಸಮೇತ ದಾಟಿದ್ದ. ಸುಮಾರು ಸಾವಿರ ವರ್ಷದಿಂದ ದಾರಿಹೋಕರಿಗೆ ಆಸರೆ ಕೊಡುವ ಮಠ, ಹೆಸರಾಂತ ನಾಯಿಗಳು, ಎಲ್ಲ ಅಲ್ಲೇ. "ಇಷ್ಟು ದೂರ ಬಂದು ನೋಡದೆ ಹೋಗೋದಾ?" ಎಂದು ನಮ್ಮವರು ಪಟ್ಟು ಹಿಡಿದರು. ನಾನು ಚೀಟಿ ತೋರಿಸಿದೆ: 'ಮಳೆ ಬಂದರೆ ಸುರಂಗ.' 1964ರಲ್ಲಿ ತೆರೆದ ಸುಂಕದ ಸುರಂಗ ಕೆಳಗೇ ಇತ್ತು.

"ನೆಪೋಲಿಯನ್ನು ಅವನಮ್ಮನ್ನ ಜೊತೇಲಿ ಕರ್ಕೊಂಡು ಹೋಗಿರಲಿಲ್ಲ ಕಣೋ. ನಡಿ, ಸುರಂಗದಲ್ಲೇ ಹೋಗೋಣ" ಎಂದರು ಅತ್ತೆ ಮುಂದಿನ ಸೀಟಿನಿಂದ.

ಮಧ್ಯಾಹ್ನ ಮಾಂಟ್ರೋದ ಸರೋವರದ ಬೆಂಚಿನ ಮೇಲೆ ಕೂತು ಮೊಸರವಲಕ್ಕಿ ತಿಂದೆವು. ನಾಯಿಗಳನ್ನು ನೋಡಲಿಲ್ಲವೆಂದು ನಮ್ಮವರು ಈಗಲೂ ಗೊಣಗುವುದುಂಟು. ನೀವೂ ಇಂಥ ಪ್ರವಾಸ ಹೊರಡುವುದಾದರೆ, ಕಾರಿನಲ್ಲಿ ಎಲ್ಲರಿಗಿಂತ ನಿಧಾನ ಯಾರೋ ಅವರನ್ನು ಕೇಳಿಕೊಂಡು ದಿನಗಳನ್ನು ಲೆಕ್ಕ ಹಾಕಿ. ಒಂದು ದಿನವನ್ನು ಖಾಲಿ ಬಿಡಿ.