ಮಾವನೋರ ಪದ್ಮಿನಿ ಗಾಡಿ

ಪತ್ರಾಸ್ ಶೆಡ್ಡಿನ್ಯಾಗ ನಿಂತಿರು ಮಾವನೋರ ಪದ್ಮಿನಿ ಕಾರಿಗೆ ಬಣ್ಣಾ ಹಚ್ಚಿ ಯಾಕ ಮಾರವಲ್ರಿ ಅಂತ ಬಾಜೂಮನಿ ವೈನಿ ಕೇಳಿದ್ರು. ಬಣ್ಣಾ ಹಚ್ಚಿದ್ರ ತುಕ್ಕು ಮುಚ್ಚತೈತಿ, ಗಿರಾಕಿಗೆ ಸಂಶೆ ಬರತೈತ್ರೀ. ಜೀಪಿಗೆ ಇದ್ದಂಗ ಇದಕ್ಕ ಬ್ಯಾರೆ ಚಾಸಿ ಇಲ್ಲ, ತಗಡನ ಎಲುಬು. ಅದಕ್ಕ ಹಾಸಿದ್ದ ಮ್ಯಾಟ್ ಎತ್ತಿ, ತಳಾ ಎಲ್ಲೆ ತೂತ ಬಿದ್ದೈತಿ ಅಂತ ಮೊದಲ ತೋರಿಸಿಬಿಡೂದು.

ಭಂಗಾರದಾಂವ ಬಂದು ಕಿಲೋ ಲೆಕ್ಕದಾಗ ಕೇಳ್ದ. ಅತ್ತಿಯವರು ಕೀಲಿ ಸೆರಗಿಗೆ ಕಟ್ಕೊಂಡು, "ಮುರ್ಯಾವ್ರಿಗೆ ಬ್ಯಾಡ, ಓಡಸಾವ್ರಿಗೆ ಕೊಡ್ರಿ" ಅಂದ್ರು. ಅವ್ರ ಸಹಿ ಇಲ್ದ ಕೆಲಸಾನೂ ಆಗೂದಿಲ್ಲ ಬಿಡ್ರಿ. ಆರ್‌ಸಿ ಇನ್ನೂ ತೀರಿಹೋದ ಮಾವನೋರ ಹೆಸರಲೆ ಐತಿ. ಮೊದಲ 31ನೇ ಫಾರ್ಮ್ ತುಂಬಿ ಅತ್ತಿಯವರ ಹೆಸರಿಗೆ ಮಾಡಸ್ಬೇಕು, ಆಮ್ಯಾಲ ಮಾರಾಕ 29, 30. ಗಿರಾಕಿ ಮಿರಜ ಕಡೆಯಾಂವ ಇದ್ರ ರಾಜ್ಯಾನ ಬ್ಯಾರೆ. ಚಿಕ್ಕೋಡಿ ಆರ್‌ಟಿಒದಾಗ 28ನೇ ಫಾರ್ಮಿನ ಎನ್‌ಒಸಿ ತಗೀಬೇಕು.

ಬಿಚ್ಚಿಟ್ಟ ಮುಂದಿನ ಜಾಳಿ, ಬಂಪರು, ಬಿಸ್ಕೀಟ್ ಡಬ್ಬಿಯೊಳಗಿನ ನಟ್ಟು ಸುದ್ದಾ ಒಗೀಬ್ಯಾಡ್ರಿ. ಮುಂಬೈ ಕುರ್ಲಾದ ಕಾರಖಾನಿ ಈ ಗಾಡಿ ಮಾಡೂದ ಬಿಟ್ಟು 20 ವರ್ಷದ ಮ್ಯಾಲಾತು. ಆ ಸಾಮಾನ ನೋಡೇ ಗಿರಾಕಿ ರೇಟ ಏರಸ್ತಾನ. ಹಿಂದಿನ ಸೀಟಿನ್ಯಾಗ ಕೋಳಿ ತತ್ತಿ ಇಡತೈತಿ, ಅದನ್ನೂ ಹೇಳೇವಿ.